ಬಂದು ಹೋಗುವ ದೀಪ: ಡೀಜಲ್ ಗಾಡಿಯ ಮಸಿ ಫಿಲ್ಟರೂ ಅದರ ಒತ್ತಡದ ಸೆನ್ಸರೂ



ನಮ್ಮ ವಾಚನಾಲಯಕ್ಕೆ ಬರುವವರಲ್ಲಿ ಗುಮಾಸ್ತರು ಎಷ್ಟೋ, ಗಾಡಿ ನಡೆಸುವವರೂ ಅಷ್ಟೇ. ವಿಜಾಪುರ, ಕಲಬುರ್ಗಿ, ಬೆಳಗಾವಿ ಕಡೆಗಳಿಂದ ಪುಣೆಗೆ ಬಂದು ಪಿಕಪ್, ಟೆಂಪೊ, ಲಾರಿಗಳನ್ನು ನಂಬಿ ಸಂಸಾರ ಸಾಗಿಸುತ್ತಿರುವ ಬಂಧುಗಳು ಇತ್ತೀಚೆಗೆ ಒಂದೇ ಬಗೆಯ ದೂರನ್ನು ಹೇಳುತ್ತಿದ್ದಾರೆ. ಗಾಡಿಯ ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ. ಗ್ಯಾರೇಜಿಗೆ ಒಯ್ಯುವಷ್ಟರಲ್ಲಿ ಆರಿಹೋಗಿರುತ್ತದೆ. ಎರಡು ದಿನ ಬಿಟ್ಟು ಮತ್ತೆ ಹತ್ತುತ್ತದೆ. ಗ್ಯಾರೇಜಿನವರು ಫಿಲ್ಟರನ್ನೇ ಬದಲಿಸಬೇಕೆನ್ನುತ್ತಾರೆ. ಮಾಲಕರು, "ನೀನು ಸರಿಯಾಗಿ ನಡೆಸಿದ್ದರೆ ಹೀಗಾಗುತ್ತಿರಲಿಲ್ಲ, ಖರ್ಚನ್ನು ನಿನ್ನ ಪಗಾರದಲ್ಲಿ ಹಿಡಿಯುತ್ತೇವೆ" ಎನ್ನುತ್ತಾರೆ. ಫಿಲ್ಟರಿನ ಬೆಲೆಯೋ ಒಬ್ಬ ಚಾಲಕನ ಕೆಲವು ತಿಂಗಳ ಪಗಾರವನ್ನು ನುಂಗುವಂಥದು. ಹೀಗಿರಲಾಗಿ, ದೋಷವು ನಿಜವಾಗಿ ಫಿಲ್ಟರಿನದೋ, ಅದರ ಒತ್ತಡವನ್ನು ಅಳೆಯುವ ಸೆನ್ಸರಿನದೋ, ಇಲ್ಲವೆ ನಡುವಿನ ಒಂದು ವೈರಿನದೋ ಎಂಬುದನ್ನು ತಿಳಿಯುವ ಬಗೆಯನ್ನು ಈ ಪಾಠದಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ.

ನಾವು ಇಂಜಿನಿಯರರಲ್ಲ. ಮೆಟ್ರಿಕ್ ಮುಗಿಸಿ ಹಿಟ್ಟಿನ ಗಿರಣಿಯಲ್ಲಿ ಸರಕಿನ ರವಾನೆ, ಗಾಡಿಗಳ ದುರಸ್ತಿ, ಇವುಗಳ ಲೆಕ್ಕ ಬರೆಯುವವರು. ಬಿಲ್ಲಿನಲ್ಲಿ ಬರೆದುದು ಏನೆಂದು ತಿಳಿಯದೆ ಕಿರ್ದಿಗೆ ಏರಿಸುವುದು ಸರಿಯಲ್ಲವೆಂದು ಅನುಭವಿಗಳಾದ ಮೇಸ್ತ್ರಿಗಳನ್ನು ಕೇಳಿ, ಪುಸ್ತಕಗಳನ್ನು ತಿರುವಿ ಕಲಿತುದನ್ನೇ ಇಲ್ಲಿ ಕ್ರಮವಾಗಿ ಇಟ್ಟಿದ್ದೇವೆ.

೧. ಮಸಿ ಫಿಲ್ಟರೆಂದರೆ ಏನು?

ಡೀಜಲ್ ಉರಿದಾಗ ಹೊಗೆಯ ಜೊತೆಗೆ ಅತಿ ಸಣ್ಣ ಮಸಿಯ ಕಣಗಳು ಹೊರಬೀಳುತ್ತವೆ. ಇವು ಉಸಿರಿನ ಮೂಲಕ ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೧೨ರಲ್ಲಿ ಡೀಜಲ್ ಹೊಗೆಯನ್ನು ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಪಟ್ಟಿಗೆ ಸೇರಿಸಿತು. ದಿನವಿಡೀ ರಸ್ತೆಯ ಮೇಲಿರುವವರೇ ಆ ಹೊಗೆಯನ್ನು ಎಲ್ಲರಿಗಿಂತ ಹೆಚ್ಚಾಗಿ ಕುಡಿಯುವವರು ಎಂಬುದನ್ನು ನೆನಪಿಡಬೇಕು.

ನಮ್ಮ ದೇಶದಲ್ಲಿ ೨೦೨೦ನೆಯ ಏಪ್ರಿಲ್ ೧ರಿಂದ ಭಾರತ್ ಸ್ಟೇಜ್ ೬ ನಿಯಮಗಳು ಜಾರಿಗೆ ಬಂದವು. ಡೀಜಲ್ ಕಾರುಗಳು ಹೊರಬಿಡಬಹುದಾದ ಮಸಿಯ ಮಿತಿಯು ಹಿಂದಿನ ನಿಯಮದಲ್ಲಿ ಕಿಲೋಮೀಟರಿಗೆ ೨೫ ಮಿಲಿಗ್ರಾಮ್ ಇದ್ದುದು ೪.೫ ಮಿಲಿಗ್ರಾಮಿಗೆ ಇಳಿಯಿತು. ಡೀಜಲಿನಲ್ಲಿನ ಗಂಧಕದ ಮಿತಿಯೂ ಹತ್ತು ಲಕ್ಷ ಭಾಗಕ್ಕೆ ೫೦ ಭಾಗದಿಂದ ೧೦ ಭಾಗಕ್ಕೆ ಇಳಿಯಿತು. ಇಷ್ಟು ಬಿಗಿಯಾದ ಮಿತಿಯನ್ನು ಮುಟ್ಟಲು ಗಾಡಿ ತಯಾರಕರು ಹೊಗೆಯ ಕೊಳವೆಯಲ್ಲಿ ಮಸಿ ಫಿಲ್ಟರನ್ನು ಕೂರಿಸಿದರು.

ಈ ಫಿಲ್ಟರು ಪಿಂಗಾಣಿಯಂಥ ವಸ್ತುವಿನಿಂದ ಮಾಡಿದ್ದು. ಜೇನುಹುಟ್ಟಿನಂತೆ ನೂರಾರು ಸಣ್ಣ ಓಣಿಗಳನ್ನು ಹೊಂದಿರುತ್ತದೆ. ಒಂದು ಓಣಿಯ ಹಿಂದಿನ ಬಾಯಿ ಮುಚ್ಚಿದ್ದರೆ ಪಕ್ಕದ ಓಣಿಯ ಮುಂದಿನ ಬಾಯಿ ಮುಚ್ಚಿರುತ್ತದೆ. ಆದುದರಿಂದ ಹೊಗೆಯು ಓಣಿಯ ಗೋಡೆಯೊಳಗಿನಿಂದಲೇ ನುಸುಳಿ ಆಚೆಗೆ ಹೋಗಬೇಕು. ಗಾಳಿ ನುಸುಳುತ್ತದೆ, ಮಸಿ ಗೋಡೆಗೆ ಅಂಟಿ ಉಳಿಯುತ್ತದೆ. ನಮ್ಮ ಗಿರಣಿಯ ಜರಡಿಯಲ್ಲಿ ಹಿಟ್ಟು ಇಳಿದು ತೌಡು ನಿಂತಂತೆ ಎನ್ನಬಹುದು.

ಜರಡಿ ತುಂಬಿದರೆ ಕೊಡವಬೇಕಷ್ಟೆ. ಇಲ್ಲಿ ಕೊಡವುವ ಬದಲು ಸುಡುತ್ತಾರೆ. ಗಾಡಿಯ ಗಣಕವು ಸಮಯ ನೋಡಿ ಸ್ವಲ್ಪ ಹೆಚ್ಚು ಡೀಜಲನ್ನು ತಡವಾಗಿ ಸಿಂಪಡಿಸಿ, ಫಿಲ್ಟರಿನ ಶಾಖವನ್ನು ಸುಮಾರು ೬೦೦ ಡಿಗ್ರಿ ಸೆಂಟಿಗ್ರೇಡಿಗೆ ಏರಿಸುತ್ತದೆ. ಮಸಿ ಉರಿದುಹೋಗುತ್ತದೆ. ಇದಕ್ಕೆ ಗ್ಯಾರೇಜಿನಲ್ಲಿ "ರೀಜನರೇಷನ್" ಎನ್ನುತ್ತಾರೆ. ಇಂಜಿನ್ ಎಣ್ಣೆಯಿಂದ ಬರುವ ಬೂದಿ ಮಾತ್ರ ಉರಿಯದೆ ಉಳಿಯುತ್ತದೆ. ಅದು ವರ್ಷಗಳ ಕಾಲದಲ್ಲಿ ತುಂಬುವಂಥದು.

೨. ಒತ್ತಡದ ಸೆನ್ಸರಿನ ಕೆಲಸ

ಫಿಲ್ಟರಿನಲ್ಲಿ ಮಸಿ ಎಷ್ಟು ತುಂಬಿದೆ ಎಂದು ಗಣಕಕ್ಕೆ ಹೇಗೆ ಗೊತ್ತಾಗಬೇಕು? ಅದಕ್ಕೆ ಕಣ್ಣಿಲ್ಲ. ಆದುದರಿಂದ ಫಿಲ್ಟರಿನ ಮುಂದಿನಿಂದ ಒಂದು, ಹಿಂದಿನಿಂದ ಒಂದು ಸಣ್ಣ ಕೊಳವೆಯನ್ನು ತೆಗೆದು, ಎರಡನ್ನೂ ಒಂದು ಸೆನ್ಸರಿಗೆ ಜೋಡಿಸಿರುತ್ತಾರೆ. ಎರಡು ಬದಿಯ ಒತ್ತಡಗಳ ವ್ಯತ್ಯಾಸವನ್ನು ಸೆನ್ಸರು ವಿದ್ಯುತ್ತಿನ ಸಂಕೇತವಾಗಿ ಗಣಕಕ್ಕೆ ಕಳುಹಿಸುತ್ತದೆ. ಮಸಿ ಹೆಚ್ಚಾದಂತೆ ವ್ಯತ್ಯಾಸ ಹೆಚ್ಚು. ಕೆಲವು ಗಾಡಿಗಳಲ್ಲಿ ಒಂದೇ ಕೊಳವೆಯಿದ್ದು, ಸೆನ್ಸರಿನ ಇನ್ನೊಂದು ಬದಿ ಹೊರಗಿನ ಗಾಳಿಗೆ ತೆರೆದಿರುವುದೂ ಉಂಟು.

ಈ ವ್ಯತ್ಯಾಸ ಬಹಳ ಸಣ್ಣದು. ನಮ್ಮ ಸುತ್ತಲಿನ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಸುಮಾರು ೧೦೧೩ ಮಿಲಿಬಾರ್. ಚೊಕ್ಕ ಫಿಲ್ಟರಿರುವ ಗಾಡಿ ನಿಂತಲ್ಲೇ ನಿಧಾನವಾಗಿ ಓಡುತ್ತಿರುವಾಗ ಸೆನ್ಸರು ಅಳೆಯುವುದು ಕೆಲವೇ ಮಿಲಿಬಾರ್. ಇಂಥ ಸೂಕ್ಷ್ಮ ಅಳತೆಯನ್ನು ಒಂದು ಹನಿ ನೀರೋ, ಕೂದಲೆಳೆಯಷ್ಟು ಬಿರುಕೋ ಕೆಡಿಸಬಲ್ಲದು.

ಹಲವು ಗಾಡಿಗಳಲ್ಲಿ ಸೆನ್ಸರಿಗೆ ಮೂರು ವೈರುಗಳು ಇರುತ್ತವೆ: ೫ ವೋಲ್ಟು ತರುವುದು ಒಂದು, ಅರ್ತ್ ಒಂದು, ಸಂಕೇತ ಒಯ್ಯುವುದು ಒಂದು. ಇಂಜಿನ್ ನಿಂತು ಕೀಲಿ ಮಾತ್ರ ತಿರುಗಿಸಿದ್ದಾಗ ಸಂಕೇತದ ವೈರಿನಲ್ಲಿ ಸಾಮಾನ್ಯವಾಗಿ ಅರ್ಧ ವೋಲ್ಟಿನಿಂದ ಒಂದು ವೋಲ್ಟಿನವರೆಗೆ ಇರಬೇಕು. ಒತ್ತಡ ಏರಿದಂತೆ ಇದು ಏರುತ್ತದೆ. ಖಚಿತ ಅಂಕಿ ಗಾಡಿಯಿಂದ ಗಾಡಿಗೆ ಬೇರೆ. ಅದನ್ನು ಆಯಾ ಗಾಡಿಯ ಪುಸ್ತಕದಲ್ಲಿ ನೋಡಿಕೊಳ್ಳತಕ್ಕದ್ದು. ಸಂಕೇತವನ್ನು ಅಂಕಿಗಳ ರೂಪದಲ್ಲಿ ಕಳುಹಿಸುವ ಹೊಸ ಸೆನ್ಸರುಗಳಿಗೆ ಈ ವೋಲ್ಟಿನ ಲೆಕ್ಕ ಹೊಂದುವುದಿಲ್ಲ.

ಗುಮಾಸ್ತರಿಗೆ ತಿಳಿಯುವಂತೆ ಹೇಳುವುದಾದರೆ, ಫಿಲ್ಟರು ತಿಜೋರಿ, ಸೆನ್ಸರು ತಿಜೋರಿಯಲ್ಲಿ ಎಷ್ಟಿದೆ ಎಂದು ಚೀಟಿ ಬರೆಯುವವನು, ವೈರು ಆ ಚೀಟಿ ಒಯ್ಯುವ ಜವಾನ, ಗಣಕವು ಚೀಟಿ ನೋಡಿ ತೀರ್ಮಾನ ಮಾಡುವ ಮಾಲಕ. ಚೀಟಿ ತಪ್ಪಿದೆ ಎಂದಮಾತ್ರಕ್ಕೆ ತಿಜೋರಿ ಕೆಟ್ಟಿದೆ ಎನ್ನಲಾಗದು.

೩. ಚೀಟಿಯನ್ನು ನಂಬದಿದ್ದರೆ ಏನಾಗುತ್ತದೆ?

ಸೆನ್ಸರಿನ ಮಾತು ಒಮ್ಮೆ ಸರಿ, ಒಮ್ಮೆ ತಪ್ಪು ಆದಾಗ ಗಣಕವು ಅದನ್ನು ನಂಬುವುದನ್ನು ಬಿಡುತ್ತದೆ. ಹಲವು ಗಾಡಿಗಳಲ್ಲಿ ಆಗ ಮಸಿ ಸುಡುವ ಕ್ರಿಯೆಯೇ ನಿಂತುಹೋಗುತ್ತದೆ. ಇದರಿಂದ, ಮೊದಲು ಚೊಕ್ಕವಾಗಿದ್ದ ಫಿಲ್ಟರು ಕೂಡ ವಾರ ಕಳೆಯುವುದರೊಳಗೆ ನಿಜವಾಗಿಯೇ ಕಟ್ಟಿಕೊಳ್ಳಬಹುದು. ಇಂಜಿನಿನ ಬಲ ಕುಂದುತ್ತದೆ; ಗಾಡಿ ಎಳೆಯುವುದಿಲ್ಲ. ಆದುದರಿಂದ "ದೀಪ ತಾನಾಗಿ ಆರಿತಲ್ಲ" ಎಂದು ಸುಮ್ಮನಿರುವುದು ಕೆಲವು ರೂಪಾಯಿಗಳ ವೈರಿನ ಕೆಲಸವನ್ನು ದೊಡ್ಡ ಬಿಲ್ಲಾಗಿ ಬೆಳೆಸಿದಂತೆ.

೪. ಬಂದು ಹೋಗುವ ದೋಷದ ಕಾರಣಗಳು

(ಅ) ಕೊಳವೆಯ ದೋಷ. ರಬ್ಬರ್ ಕೊಳವೆ ಬಿಸಿ ಸೈಲೆನ್ಸರಿಗೆ ತಾಗಿ ಕರಗಿರಬಹುದು, ಬಿರುಕು ಬಿಟ್ಟಿರಬಹುದು, ಮಸಿಯಿಂದ ಕಟ್ಟಿಕೊಂಡಿರಬಹುದು. ಹೊಗೆಯಲ್ಲಿನ ಆವಿ ತಣಿದು ನೀರಾಗಿ ಕೊಳವೆಯ ತಗ್ಗಿನಲ್ಲಿ ನಿಲ್ಲುವುದೂ ಉಂಟು. ಇಂಜಿನ್ ಬಿಸಿಯಾದ ಮೇಲೆ ನೀರು ಆವಿಯಾಗಿ ಹೋಗುತ್ತದೆ, ದೋಷವೂ ಹೋಗುತ್ತದೆ.

(ಆ) ವೈರಿನ ದೋಷ. ವೈರಿನ ಮೇಲುಹೊದಿಕೆ ಕಬ್ಬಿಣದ ಪಟ್ಟಿಗೆ ಉಜ್ಜಿ ಸವೆದಿರುತ್ತದೆ. ಗಾಡಿ ಕುಲುಕಿದಾಗ ತಾಗುತ್ತದೆ, ನಿಂತಾಗ ಬಿಡುತ್ತದೆ.

(ಇ) ಕನೆಕ್ಟರಿನ ದೋಷ. ಪಿನ್ನು ಸಡಿಲವಾಗಿರುತ್ತದೆ ಇಲ್ಲವೆ ಮಳೆಯ ನೀರು ಹೊಕ್ಕು ಹಸಿರು ಕಿಲುಬು ಹಿಡಿದಿರುತ್ತದೆ.

(ಈ) ಸೆನ್ಸರಿನದೇ ದೋಷ. ಒಳಗೆ ನೀರೋ ಮಸಿಯೋ ಸೇರಿ, ಇಲ್ಲವೆ ಬಿಸಿಗೆ ಸೋತು ತಪ್ಪು ಹೇಳುತ್ತದೆ.

ಇವುಗಳಲ್ಲಿ ಮೊದಲ ಮೂರೂ ಸೆನ್ಸರನ್ನು ಬದಲಿಸುವುದರಿಂದ ವಾಸಿಯಾಗುವಂಥವಲ್ಲ.

೫. ಪರೀಕ್ಷೆಯ ಕ್ರಮ

ಮೊದಲನೆಯದು: ಬರೆದಿಡುವುದು. ಚಾಲಕನು ಒಂದು ಸಣ್ಣ ನೋಟುಬುಕ್ಕಿನಲ್ಲಿ ನಾಲ್ಕು ಕಲಮು ಎಳೆದುಕೊಳ್ಳಲಿ: ತಾರೀಖು ಮತ್ತು ವೇಳೆ, ಸ್ಥಳ ಮತ್ತು ರಸ್ತೆ, ಇಂಜಿನ್ ತಣ್ಣಗಿತ್ತೋ ಬಿಸಿಯಿತ್ತೋ, ಮಳೆ ಅಥವಾ ಗಾಡಿ ತೊಳೆದದ್ದು ಮತ್ತು ಲೋಡು. ದೀಪ ಹತ್ತಿದಾಗಲೆಲ್ಲ, ಗಾಡಿಯನ್ನು ನಿಲ್ಲಿಸಿದ ಮೇಲೆ, ಒಂದು ಸಾಲು ಬರೆಯಲಿ. ಕುಲುಕಿದಾಗ ಹತ್ತಿದರೆ ವೈರು ಅಥವಾ ಪಿನ್ನು. ತಣ್ಣನೆಯ ಮುಂಜಾವಿನಲ್ಲಿ ಹತ್ತಿದರೆ ಕೊಳವೆಯ ನೀರು. ಮಳೆಯ ಮರುದಿನ ಹತ್ತಿದರೆ ಕನೆಕ್ಟರು. ಲೋಡು ಹೊತ್ತು ಘಾಟು ಏರುವಾಗ ಮಾತ್ರ ಹತ್ತಿದರೆ ಫಿಲ್ಟರು ನಿಜವಾಗಿ ಕಟ್ಟಿರುವ ಸಂಭವ. ಇದು ತೀರ್ಪಲ್ಲ, ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕೆಂಬ ಸೂಚನೆ.

ಎರಡನೆಯದು: ಅಳಿಸುವ ಮೊದಲು ಓದುವುದು. ಗ್ಯಾರೇಜಿನ ಸ್ಕ್ಯಾನರಿನಲ್ಲಿ ದೋಷದ ಸಂಖ್ಯೆ ಕಾಣುತ್ತದೆ. ಪಿ ೨೪೫೨ ಎಂದರೆ ಈ ಸೆನ್ಸರಿನ ವಿದ್ಯುತ್ ಮಾರ್ಗದ ದೋಷ. ಪಿ ೨೪೫೩ ಎಂದರೆ ಅಳತೆ ನಂಬಲರ್ಹವಲ್ಲ. ಪಿ ೨೪೫೪ ಎಂದರೆ ಸಂಕೇತ ತೀರ ಕಡಿಮೆ. ಪಿ ೨೪೫೫ ಎಂದರೆ ತೀರ ಹೆಚ್ಚು. ಪಿ ೨೪೫೬ ಎಂದರೆ ಸಂಕೇತ ಬಂದು ಹೋಗುತ್ತಿದೆ. ಇವೆಲ್ಲ ಸೆನ್ಸರಿನ ಮಾತು. ಪಿ ೨೪೬೩ ಎಂದರೆ ಮಸಿ ಹೆಚ್ಚು ತುಂಬಿದೆ ಎಂದು. ಇದು ಫಿಲ್ಟರಿನ ಮಾತು. ದೋಷ ಹತ್ತಿದ ಕ್ಷಣದಲ್ಲಿ ವೇಗ, ಇಂಜಿನಿನ ಸುತ್ತು, ಶಾಖ ಎಷ್ಟಿದ್ದವೆಂಬುದನ್ನೂ ಗಣಕವು ಹಿಡಿದಿಟ್ಟಿರುತ್ತದೆ. ಅಳಿಸಿದರೆ ಅದೂ ಹೋಗುತ್ತದೆ. ಆದುದರಿಂದ ಬರೆದುಕೊಳ್ಳದೆ ಅಳಿಸಗೊಡಬಾರದು. ಬ್ಯಾಟರಿಯ ವೈರನ್ನೂ ಕಳಚಬಾರದು.

ಮೂರನೆಯದು: ಕಣ್ಣಿನ ಪರೀಕ್ಷೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಎರಡೂ ಕೊಳವೆಗಳನ್ನು ಉದ್ದಕ್ಕೂ ಬೆರಳಿನಿಂದ ತಡವಿ ನೋಡಬೇಕು. ಬಿರುಕು, ಮಡಿಕೆ, ಕರಗಿದ ಗುರುತು, ಮಸಿಯ ಕಪ್ಪು ಕಲೆ ಇವೆಯೇ? ಕೊಳವೆಗಳು ಅದಲು ಬದಲಾಗಿವೆಯೇ? ಅದಲಾಗಿದ್ದರೆ ಇಂಜಿನಿನ ಸುತ್ತು ಏರಿದಂತೆ ಅಳತೆ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಮುಂದಿನ ಕೊಳವೆ ಹರಿದಿದ್ದರೆ ಫಿಲ್ಟರು ತುಂಬಿದ್ದರೂ ಅಳತೆ ಕಡಿಮೆ ಬರುತ್ತದೆ. ಕೊಳವೆಯಲ್ಲಿ ಗಾಳಿ ಊದಿ ಚೊಕ್ಕ ಮಾಡುವಾಗ ಅದನ್ನು ಸೆನ್ಸರಿನಿಂದ ಮೊದಲು ಬಿಡಿಸಬೇಕು. ಕಂಪ್ರೆಸರಿನ ಗಾಳಿ ಸೆನ್ಸರಿಗೆ ಹೊಕ್ಕರೆ ಒಳಗಿನ ತೆಳು ಪೊರೆ ಕೆಡುತ್ತದೆ.

ನಾಲ್ಕನೆಯದು: ಸೊನ್ನೆಯ ಪರೀಕ್ಷೆ. ಇಂಜಿನ್ ನಿಲ್ಲಿಸಿ, ಕೀಲಿ ಮಾತ್ರ ತಿರುಗಿಸಿ, ಸ್ಕ್ಯಾನರಿನಲ್ಲಿ ಒತ್ತಡ ನೋಡಬೇಕು. ಹೊಗೆಯೇ ಹರಿಯದಿರುವಾಗ ವ್ಯತ್ಯಾಸ ಸೊನ್ನೆ ಅಥವಾ ಅದರ ಹತ್ತಿರ ಇರಬೇಕು. ಇಲ್ಲದಿದ್ದರೆ ಎರಡೂ ಕೊಳವೆಗಳನ್ನು ಸೆನ್ಸರಿನಿಂದ ಕಳಚಿ ಮತ್ತೆ ನೋಡಬೇಕು. ಈಗ ಸೊನ್ನೆಗೆ ಬಂದರೆ ತೊಂದರೆ ಕೊಳವೆಯಲ್ಲಿ, ಬಹುಶಃ ನಿಂತ ನೀರು. ಈಗಲೂ ಬಾರದಿದ್ದರೆ ತೊಂದರೆ ಸೆನ್ಸರಿನಲ್ಲಿ ಅಥವಾ ವೈರಿನಲ್ಲಿ. ಖರ್ಚಿಲ್ಲದ ಈ ಒಂದು ಪರೀಕ್ಷೆಯಿಂದ ಅರ್ಧ ದಾರಿ ಸಾಗಿದಂತಾಯಿತು.

ಐದನೆಯದು: ವೋಲ್ಟಿನ ಪರೀಕ್ಷೆ. ಮಲ್ಟಿಮೀಟರಿನಿಂದ ೫ ವೋಲ್ಟು ಸರಿಯಾಗಿ ಬರುತ್ತಿದೆಯೇ ಎಂದು ನೋಡಬೇಕು. ಅರ್ತ್ ವೈರಿಗೂ ಬ್ಯಾಟರಿಯ ಋಣ ತುದಿಗೂ ನಡುವೆ ೦.೧ ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ೫ ವೋಲ್ಟಿನ ಅದೇ ಮಾರ್ಗವು ಬೇರೆ ಸೆನ್ಸರುಗಳಿಗೂ ಹೋಗುತ್ತಿರಬಹುದು; ಅವುಗಳಲ್ಲೊಂದು ಕೆಟ್ಟರೂ ಇದರ ಮೇಲೆ ಅಪವಾದ ಬರುತ್ತದೆ. ಒಂದೇ ಸಲಕ್ಕೆ ಎರಡು ಮೂರು ಸೆನ್ಸರುಗಳ ದೋಷ ಕಂಡರೆ ಈ ಸಂಶಯ ಬರಬೇಕು.

ಆರನೆಯದು: ಅಲುಗಿಸುವ ಪರೀಕ್ಷೆ. ಮೀಟರನ್ನು ಸಂಕೇತದ ವೈರಿಗೆ ಹಚ್ಚಿ ಒಬ್ಬರು ನೋಡುತ್ತಿರಲಿ. ಇನ್ನೊಬ್ಬರು ಸೆನ್ಸರಿನಿಂದ ಹಿಡಿದು ವೈರಿನ ಕಟ್ಟನ್ನು ಗೇಣು ಗೇಣಾಗಿ ಮೆಲ್ಲನೆ ಅಲುಗಿಸುತ್ತ, ಬಗ್ಗಿಸುತ್ತ ಹೋಗಲಿ. ಎಲ್ಲಿ ಅಂಕಿ ಜಿಗಿಯಿತೋ ಅಲ್ಲಿಯೇ ದೋಷ. ಗಟ್ಟಿಯಾಗಿ ಎಳೆದರೆ ಚೆನ್ನಾಗಿರುವ ವೈರೂ ಹರಿಯುತ್ತದೆ, ಕೈ ಹಗುರವಾಗಿರಬೇಕು.

ಏಳನೆಯದು: ರಸ್ತೆಯ ಪರೀಕ್ಷೆ. ಮೇಲಿನದರಲ್ಲಿ ಸಿಗದಿದ್ದರೆ, ಸ್ಕ್ಯಾನರಿನಲ್ಲಿ ಒತ್ತಡವನ್ನೂ ಇಂಜಿನಿನ ಸುತ್ತನ್ನೂ ಒಟ್ಟಿಗೆ ದಾಖಲು ಮಾಡುತ್ತ, ದೋಷ ಬರುವ ರಸ್ತೆಯಲ್ಲಿಯೇ ಓಡಿಸಬೇಕು. ಸ್ಕ್ಯಾನರನ್ನು ಚಾಲಕನಲ್ಲ, ಪಕ್ಕದಲ್ಲಿ ಕುಳಿತವರು ನೋಡತಕ್ಕದ್ದು. ನಿಜವಾದ ಹೊಗೆಯ ಒತ್ತಡವು ಇಂಜಿನಿನ ಸುತ್ತಿನ ಜೊತೆಗೆ ಏರುತ್ತದೆ, ಜೊತೆಗೆ ಇಳಿಯುತ್ತದೆ. ಅದು ಗೆರೆ ಎಳೆದಂತೆ ಒಮ್ಮೆಲೇ ತಳಕ್ಕೆ ಬೀಳುವುದಿಲ್ಲ, ತುದಿಗೆ ನೆಗೆಯುವುದಿಲ್ಲ. ಹಾಗೆ ಬಿದ್ದರೆ, ನೆಗೆದರೆ, ಅದು ವಿದ್ಯುತ್ತಿನ ಆಟ. ಇದಕ್ಕೆ ಬದಲಾಗಿ ಅಳತೆಯು ಸುತ್ತಿನೊಡನೆ ಸರಿಯಾಗಿ ಏರಿಳಿಯುತ್ತಿದ್ದು, ಎಲ್ಲೆಲ್ಲಿಯೂ ಹೆಚ್ಚಾಗಿಯೇ ಇದ್ದರೆ, ಸೆನ್ಸರು ಸತ್ಯವನ್ನೇ ಹೇಳುತ್ತಿದೆ. ಫಿಲ್ಟರಿನ ಕಡೆಗೆ ತಿರುಗಬೇಕು.

೬. ಒಂದು ಉದಾಹರಣೆ

ನಮ್ಮ ಗಿರಣಿಗೆ ಬಾಡಿಗೆಗೆ ಬರುವ ಒಂದು ಪಿಕಪ್ ಗಾಡಿಯ ಸಂಗತಿ. ಮಳೆಗಾಲದಲ್ಲಿ ಮೂರು ವಾರ ದೀಪ ಹತ್ತಿ ಆರುತ್ತಿತ್ತು. ಗ್ಯಾರೇಜಿನವರು ಎರಡು ಸಲ ದೋಷ ಅಳಿಸಿ ಹಣ ಪಡೆದು, ಮೂರನೆಯ ಸಲ ಫಿಲ್ಟರು ಹೋಗಿದೆ ಎಂದರು. ಗಾಡಿಯ ಮಾಲಕರು ಅರ್ಧ ಖರ್ಚನ್ನು ಚಾಲಕನ ಮೇಲೆ ಹಾಕುವ ಮಾತಾಡಿದರು. ಚಾಲಕನು ಇಂಡಿ ತಾಲೂಕಿನವನು. ಊರಿನಲ್ಲಿ ತಂಗಿಯ ಮದುವೆಯ ಸಾಲ ಇನ್ನೂ ತೀರಿರಲಿಲ್ಲ. ಲೋಡಿನ ಚೀಟಿ ಒಯ್ಯಲು ಬಂದಾಗ ಅವನು ನಮ್ಮೊಡನೆ, "ಸಾಹೇಬ್ರ, ಘಾಟ್ ಏರೂ ಮುಂದ ಒಮ್ಮೆನೂ ಹತ್ತಿಲ್ರಿ ದೀಪ. ಗೋದಾಮಿನ ಕಚ್ಚಾ ರಸ್ತಾದಾಗ ಹತ್ತತೈತ್ರಿ" ಎಂದನು.

ಈ ಒಂದು ಮಾತಿನಲ್ಲಿಯೇ ಸುಳಿವು ಇತ್ತು. ನಾಲ್ಕು ಕಲಮಿನ ನೋಟುಬುಕ್ಕನ್ನು ಇಡಲು ಹೇಳಿದೆವು. ಎರಡು ವಾರದಲ್ಲಿ ಒಂಬತ್ತು ಸಾಲುಗಳು ಬಿದ್ದವು. ಏಳು ಸಾಲುಗಳಲ್ಲಿ ಕಚ್ಚಾ ರಸ್ತೆ ಇಲ್ಲವೆ ಗುಂಡಿಗಳು. ಪೂರ್ತಿ ಲೋಡಿನಲ್ಲಿ ಕಾತ್ರಜ್ ಘಾಟು ಏರಿದ ದಿನಗಳಲ್ಲಿ ಏರಿನ ಮೇಲೆ ಒಂದೂ ಇಲ್ಲ. ಫಿಲ್ಟರು ಕಟ್ಟಿದ್ದೇ ಆದರೆ ಇಂಜಿನ್ ಅತಿ ಹೆಚ್ಚು ಹೊಗೆ ತಳ್ಳುವ ಘಾಟಿನಲ್ಲಿಯೇ ಅದು ಮೊದಲು ಕಾಣಿಸಿಕೊಳ್ಳಬೇಕಿತ್ತು. ಬೇರೊಂದು ಗ್ಯಾರೇಜಿನ ಮೇಸ್ತ್ರಿಗೆ ಆ ಹಾಳೆಯನ್ನು ತೋರಿಸಲಾಯಿತು. ಸ್ಕ್ಯಾನರಿನಲ್ಲಿ ಪಿ ೨೪೫೪ ಮತ್ತು ಪಿ ೨೪೫೬ ಇದ್ದವು. ಕೀಲಿ ತಿರುಗಿಸಿದಾಗ ಅಳತೆ ಸೊನ್ನೆ, ಸಂಕೇತದ ವೋಲ್ಟು ಸರಿ. ವೈರಿನ ಕಟ್ಟನ್ನು ಅಲುಗಿಸುತ್ತ ಹೋದಂತೆ, ಒಂದು ಕಬ್ಬಿಣದ ಕ್ಲಿಪ್ಪಿನ ಬಳಿ ವೋಲ್ಟು ಒಮ್ಮೆಲೇ ಸೊನ್ನೆಗೆ ಬಿದ್ದಿತು. ಕ್ಲಿಪ್ಪು ಬಿಚ್ಚಿ ನೋಡಿದರೆ ಸಂಕೇತದ ವೈರಿನ ಮೇಲುಹೊದಿಕೆ ಸವೆದು ತಾಮ್ರ ಹೊಳೆಯುತ್ತಿತ್ತು. ಗಾಡಿ ಕುಲುಕಿದಾಗ ತಾಮ್ರ ಕಬ್ಬಿಣಕ್ಕೆ ತಾಗುವುದು, ಸಂಕೇತವು ಅರ್ತಿಗೆ ಇಳಿದುಹೋಗುವುದು, "ತೀರ ಕಡಿಮೆ" ಎಂದು ಗಣಕ ಬರೆದುಕೊಳ್ಳುವುದು, ಇಷ್ಟೇ ಕಥೆ.

ವೈರನ್ನು ಬೆಸೆದು, ಮೇಲೆ ತೋಳು ಹಾಕಿ, ಕ್ಲಿಪ್ಪಿನಲ್ಲಿ ರಬ್ಬರು ಇಟ್ಟು ಕಟ್ಟಿದರು. ಇಷ್ಟು ದಿನ ಮಸಿ ಸುಡುವುದು ನಿಂತಿದ್ದುದರಿಂದ ಸ್ಕ್ಯಾನರಿನ ಮೂಲಕ ಒಮ್ಮೆ ರೀಜನರೇಷನ್ ಮಾಡಿಸಿದರು. ಫಿಲ್ಟರೂ ಸೆನ್ಸರೂ ಹಳೆಯವೇ ಉಳಿದವು. ಆ ತಿಂಗಳ ಪಗಾರ ಚಾಲಕನಿಗೆ ಪೂರ್ತಿಯಾಗಿ ಸಂದಿತು.

೭. ಎಚ್ಚರಿಕೆಗಳು

ಮಸಿ ಸುಡುತ್ತಿರುವಾಗ ಸೈಲೆನ್ಸರಿನ ಭಾಗ ಬೆಂಕಿಯಷ್ಟು ಬಿಸಿ. ಒಣಹುಲ್ಲು, ರದ್ದಿ, ಗೋಣಿಚೀಲಗಳ ಮೇಲೆ ಗಾಡಿ ನಿಲ್ಲಿಸಬಾರದು. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸುತ್ತ ಪರೀಕ್ಷೆ ಮಾಡುವುದು ಪ್ರಾಣಕ್ಕೆ ಅಪಾಯ.

ಸೆನ್ಸರನ್ನು ಬದಲಿಸಿದರೆ ಹಲವು ಗಾಡಿಗಳಲ್ಲಿ ಹೊಸದರ ಸೊನ್ನೆಯನ್ನು ಸ್ಕ್ಯಾನರಿನಿಂದ ಗಣಕಕ್ಕೆ ಪರಿಚಯಿಸಬೇಕಾಗುತ್ತದೆ. ಇದನ್ನು ಮಾಡಿದರೋ ಇಲ್ಲವೋ ಎಂದು ಕೇಳಿರಿ.

ಮಸಿ ಸುಡುವುದು ಪದೇ ಪದೇ ಅರ್ಧಕ್ಕೆ ನಿಂತರೆ ಡೀಜಲು ಇಂಜಿನ್ ಎಣ್ಣೆಗೆ ಇಳಿಯುತ್ತದೆ. ಅಳತೆಯ ಕಡ್ಡಿಯಲ್ಲಿ ಎಣ್ಣೆ ಇಳಿಯುವ ಬದಲು ಏರಿದ್ದರೆ ಎಣ್ಣೆ ಬದಲಿಸದೆ ಗಾಡಿ ಓಡಿಸಬಾರದು.

ಫಿಲ್ಟರನ್ನು ಒಳಗಿನಿಂದ ಒಡೆದು ತೆಗೆದು, ಗಣಕಕ್ಕೆ ಸುಳ್ಳು ಹೇಳಿಸಿ ದೀಪ ಆರಿಸಿ ಕೊಡುವವರು ಕೆಲವರಿದ್ದಾರೆ. ಅದು ಕಾನೂನಿಗೆ ವಿರುದ್ಧ. ಮೇಲಾಗಿ ಆ ಮಸಿ ಗಾಡಿಯ ಹಿಂದೆ ಬರುವ ನಮ್ಮಂಥವರ ಎದೆಗೇ ಇಳಿಯುತ್ತದೆ.

ಕೊನೆಯದಾಗಿ, ಫಿಲ್ಟರು ಬದಲಿಸಬೇಕೆಂದು ಯಾರಾದರೂ ಹೇಳಿದರೆ ಮೂರು ಅಂಕಿಗಳನ್ನು ಕಾಗದದ ಮೇಲೆ ಬರೆಯಿಸಿಕೊಳ್ಳಿರಿ: ದೋಷದ ಸಂಖ್ಯೆ, ಇಂಜಿನ್ ನಿಂತಾಗಿನ ಒತ್ತಡ, ಇಂಜಿನ್ ಓಡುವಾಗಿನ ಒತ್ತಡ. ಹೀಗೆ ಕೇಳುವುದು ಜಗಳವಲ್ಲ. ಹಣ ಕೊಡುವವನ ಹಕ್ಕು. ಪ್ರಾಮಾಣಿಕನಾದ ಮೇಸ್ತ್ರಿ ಸಂತೋಷದಿಂದಲೇ ಬರೆದುಕೊಡುತ್ತಾನೆ.

ಅಭ್ಯಾಸದ ಪ್ರಶ್ನೆಗಳು

೧. ಇಂಜಿನ್ ನಿಂತಿರುವಾಗ ಒತ್ತಡ ಸೊನ್ನೆಯಲ್ಲ. ಕೊಳವೆಗಳನ್ನು ಕಳಚಿದ ಕೂಡಲೆ ಸೊನ್ನೆಗೆ ಬಂದಿತು. ದೋಷ ಎಲ್ಲಿ?

೨. ಒತ್ತಡವು ಇಂಜಿನಿನ ಸುತ್ತಿನೊಡನೆ ಏರಿಳಿಯುತ್ತದೆ, ಆದರೆ ಎಲ್ಲ ವೇಗದಲ್ಲಿಯೂ ಹೆಚ್ಚು. ಸೆನ್ಸರನ್ನು ಬದಲಿಸುವಿರಾ? ಏಕೆ?

೩. ಮಳೆಯ ಮರುದಿನ ಮಾತ್ರ ದೀಪ ಹತ್ತುತ್ತದೆ. ಮೊದಲು ಯಾವುದನ್ನು ಬಿಚ್ಚಿ ನೋಡುವಿರಿ?

೪. ದೋಷವನ್ನು ಬರೆದುಕೊಳ್ಳದೆ ಅಳಿಸಿದರೆ ಕಳೆದುಕೊಳ್ಳುವುದೇನು?

ಉತ್ತರಗಳನ್ನು ಬರೆದು ವಾಚನಾಲಯದ ಪೆಟ್ಟಿಗೆಯಲ್ಲಿ ಹಾಕಿರಿ, ತಿದ್ದಿ ಹಿಂದಿರುಗಿಸುತ್ತೇವೆ. ಬರೆಯಲು ಬಾರದ ಬಂಧುಗಳು ರವಿವಾರ ಸಂಜೆ ಬಂದು ಬಾಯಿಂದಲೇ ಹೇಳಬಹುದು. ನಾಲ್ಕು ಕಲಮಿನ ಹಾಳೆಯನ್ನು ಎಳೆದು ಮೇಜಿನ ಮೇಲೆ ಇಟ್ಟಿದ್ದೇವೆ. ಬೇಕಾದವರು ಒಂದೊಂದು ಒಯ್ಯಬಹುದು.